ನಡುವಿನ ಕಂಬ

ಇವತ್ತೂ ಅದೇ. ಬಿಳಿ ಪರದೆ, ಸುತ್ತುವ ಬಳೆ,
ಆಮೇಲೆ ಆ ಸಪ್ಪೆ ಮುಖದ ಪುಟ:
ಅಯ್ಯೋ, ಏನೋ ತಪ್ಪಾಗಿದೆ.
ಏನು ತಪ್ಪು ಅಂತ ಮಾತ್ರ ಹೇಳುವುದಿಲ್ಲ,
ಮಾತು ಬಿಟ್ಟ ನಾದಿನಿಯ ಹಾಗೆ.

ಸಿದ್ದಾಪುರ ಬಸ್ ಸ್ಟ್ಯಾಂಡಿನ ಎದುರು, ಕೋಳಿ ಅಂಗಡಿಯ ಪಕ್ಕ
ಎಂಟಡಿ ಅಗಲದ ನನ್ನ ಅಂಗಡಿ.
ಪಹಣಿ, ಪಾನ್ ಕಾರ್ಡು, ಪಡಿತರ, ಹಾಲ್ ಟಿಕೆಟ್ಟು,
ಎಲ್ಲ ಕಚೇರಿಗಳ ಬಾಗಿಲೂ ಈ ಒಂದೇ ಕಿಟಕಿಯಲ್ಲಿ.
ಬೆಂಚಿನ ಮೇಲೆ ಬೊಳ್ಳಿ.
ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಾಳೆ,
ಬೆರಳ ಸಂದಿಯಲ್ಲಿ ಕಾಫಿ ಹಣ್ಣಿನ ಅಂಟು ಇನ್ನೂ ಕಪ್ಪಗೆ.
ಮಗಳ ಸ್ಕಾಲರ್‌ಶಿಪ್ಪಿಗೆ ಇವತ್ತು ನಾಲ್ಕು ಗಂಟೆಯೇ ಕೊನೆ.
ಮೂರು ಸಲ ತುಂಬಿದೆ. ಮೂರು ಸಲವೂ
ಫೋಟೋ ಏರಿಸುವ ಹೊತ್ತಿಗೆ ಸತ್ತಿತು.

ಕ್ಯಾಶ್ ತೊಳೆದೆ. ಕುಕಿಗಳನ್ನು ಗುಡಿಸಿದೆ.
ಆಫ್ ಮಾಡಿ ಆನ್ ಮಾಡಿದೆ.
ರೂಟರಿಗೆ ಒಂದು ಏಟು ಕೊಟ್ಟೆ, ಅದರ ತಪ್ಪೇನೂ ಇಲ್ಲದಿದ್ದರೂ.
"ಜುಬೈದಕ್ಕ, ನಾಳೆ ಬರ್ಲಾ?" ಅಂದಳು ಬೊಳ್ಳಿ.
ನಾಳೆ ಅಂದರೆ ಅವಳಿಗೆ ಇನ್ನೊಂದು ಅರ್ಧ ಕೂಲಿ.
ಅರ್ಜಿಗೆ ನಾಳೆಯೇ ಇಲ್ಲ.

ಮೂಲೆಯಲ್ಲಿ ಸರದಿ ಕಾಯುತ್ತಿದ್ದ ಕುಟ್ಟಪ್ಪಣ್ಣ ಕೆಮ್ಮಿದರು.
ಮೂವತ್ತೊಂದು ವರ್ಷ ಲೈನ್‌ಮನ್.
ಪೊರೆ ತೆಗೆಸಿದರೂ ಸಣ್ಣಕ್ಷರ ಕಣ್ಣಿನ ಹತ್ತಿರ ಬರಲಿಲ್ಲ;
ದಿನಾ ಮಧ್ಯಾಹ್ನ ಬಂದು ಹೆಡ್‌ಫೋನು ಹಾಕಿ
ಪೇಪರು ಕೇಳುತ್ತಾರೆ.
ಕಂಪ್ಯೂಟರಿನ ಹೆಂಗಸು ಮಡಿಕೇರಿಯನ್ನು
ಮಡಿ, ಕೇರಿ ಅಂತ ಒಡೆದು ಓದಿದರೆ
ಒಬ್ಬರೇ ನಗುತ್ತಾರೆ.

"ಎಷ್ಟು ಸಿಕ್ಕಿಸಿದ್ದೀ ಅದಕ್ಕೆ?"
ಎಣಿಸಿದೆ. ಹದಿನಾರು.
ಮೇಲಿನ ಪಟ್ಟಿಯಲ್ಲಿ ಹದಿನಾರು ಪುಟ್ಟ ಗುರುತು,
ತಂತಿಯ ಮೇಲೆ ಕೂತ ಹಕ್ಕಿಗಳು.
ಪಿಡಿಎಫ್ ಹೊಲಿಯುವುದೊಂದು, ಫೋಟೋ ಕುಗ್ಗಿಸುವುದೊಂದು,
ಜಾಹೀರಾತು ತಡೆಯುವುದು,
ಯಾವುದೋ ಹುಡುಗ ಹಾಕಿಹೋದ ಕ್ರಿಕೆಟ್ ಸ್ಕೋರು,
ಕರೆಯದೆ ಬಂದು ಕೂತ ಕೂಪನ್ನಿನವನು.

"ಒಂದೊಂದೇ ನೋಡಿದರೆ ಕತ್ತಲಾಗ್ತದೆ.
ನೆಲ್ಲಿಹುದಿಕೇರಿಯ ಲೈನು ಹೋದರೆ
ನಾವು ಕಂಬ ಕಂಬ ಹತ್ತುತ್ತಿರಲಿಲ್ಲ.
ನಡುವಿನ ಕಂಬಕ್ಕೆ ಹೋಗು. ಜಂಪರ್ ಬಿಡಿಸು.
ಈಚೆ ದೀಪ ಉರಿದರೆ ರೋಗ ಆಚೆ.
ಆಮೇಲೆ ಆಚೆಯದರ ನಡುವೆ."

ಎಂಟನ್ನು ಆರಿಸಿದೆ: ಪುಟ ನಿಂತಿತು.
ಹಾಗಾದರೆ ಕಳ್ಳ ಆ ಎಂಟರೊಳಗೆ.
ಅದರಲ್ಲಿ ನಾಲ್ಕು ಹೊತ್ತಿಸಿದೆ: ಸತ್ತಿತು.
ನಾಲ್ಕರಲ್ಲಿ ಎರಡು ಆರಿಸಿದೆ: ಉಸಿರಾಡಿತು.
ಆರಿದ ಎರಡರಲ್ಲಿ ಒಂದು ಕೂಪನ್ನಿನವನು.
ಅವನೇ ಅಂತ ಮನಸ್ಸಿನಲ್ಲೇ ಬೈದಾಗಿತ್ತು.
ಹೊತ್ತಿಸಿ ನೋಡಿದೆ. ಏನೂ ಆಗಲಿಲ್ಲ.
ಅವನು ಬರೀ ನಾಚಿಕೆಗೆಟ್ಟವನು, ಕೊಲೆಗಾರನಲ್ಲ.

ಇನ್ನೊಂದರ ಗುರುತು ಒಂದು ಪುಟ್ಟ ಕಿವಿ.
ಓದಿ ಹೇಳುವುದು. ಹೋದ ವರ್ಷ ನಾನೇ ಹುಡುಕಿ ಹಾಕಿದ್ದು.
ಯಾವ ಪುಟ ತೆರೆದರೂ ಅಲ್ಲಿರುವ ಅಕ್ಷರವನ್ನೆಲ್ಲ
ಮೊದಲೇ ಬಾಯಿಗೆ ತುಂಬಿಕೊಳ್ಳುತ್ತದೆ,
ಯಾರಾದರೂ ಕೇಳಿಯಾರು ಎಂಬ ಆಸೆಯಲ್ಲಿ;
ಸರಕಾರದ ಅರ್ಜಿಯನ್ನು ನುಂಗಲಾರದೆ
ಇಡೀ ಮನೆಯನ್ನೇ ಕೆಡವುತ್ತದೆ.

"ಸಿಕ್ಕಿತಾ?"
"ಸಿಕ್ಕಿತು."
"ಯಾವುದು?"
"ಕ್ರಿಕೆಟ್ಟಿಂದು" ಅಂದೆ.

ಕುಟ್ಟಪ್ಪಣ್ಣ ಹೆಡ್‌ಫೋನಿನ ವಯರನ್ನು
ನಿಧಾನ ಸುತ್ತಿ ಮೇಜಿನ ಮೇಲಿಟ್ಟರು.
"ತೆಗೆದುಬಿಡು. ನಮ್ಮದೇ ಮನೆಯ ತಂತಿಯನ್ನು
ನಾನೂ ಬಿಡಿಸಿದ್ದುಂಟು" ಅಂದರು.

ಮೂರೂ ಮುಕ್ಕಾಲಿಗೆ ಅರ್ಜಿ ಹೋಯಿತು.
ಹದಿನೈದು ಅಂಕಿಯ ನಂಬರನ್ನು ಬೊಳ್ಳಿ
ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟಳು.
ಮೂವತ್ತು ರೂಪಾಯಿ ಕೊಟ್ಟಳು. ತೆಗೆದುಕೊಂಡೆ.

ಬಾಗಿಲು ಎಳೆಯುವ ಮೊದಲು ಅದೇ ಬ್ರೌಸರಿನಲ್ಲಿ
ಇನ್ನೊಂದು ಪ್ರೊಫೈಲು ಮಾಡಿದೆ.
ಅದರ ತಂತಿಯ ಮೇಲೆ ಒಂದೇ ಹಕ್ಕಿ, ಆ ಕಿವಿ.
ಹೆಸರು ಕೇಳಿತು. ಲೈನ್ ಎರಡು ಅಂತ ಟೈಪಿಸಿದೆ.
ಕೂಪನ್ನಿನವನನ್ನು ಕಿತ್ತೆ.
ಕ್ರಿಕೆಟ್ಟನ್ನೂ ಕಿತ್ತೆ;
ಸುಳ್ಳಿಗೆ ಸಾಕ್ಷಿ ಉಳಿಯಬಾರದಲ್ಲ.

ನಾಳೆ ಎರಡು ಗಂಟೆಗೆ ಆ ಹೆಂಗಸು
ಮಡಿ, ಕೇರಿ ಅನ್ನಬೇಕು.